ಗುಜರಿಯಿಂದ ಬಂದ ವಾಕಿಟಾಕಿ ಕಂಪ್ಯೂಟರ್ ಜೊತೆ ಯಾಕೆ ಮಾತಾಡಲ್ಲ?

ಬಳ್ಳಾರಿಯ ಒಂದು ಗುಜರಿ ಅಂಗಡಿಯಲ್ಲಿ ನನಗೆ ಆರು ವಾಕಿಟಾಕಿ ಸಿಕ್ಕವು. ಹಳೇ ಸ್ಟಾರ್ಟರ್ ಮೋಟರ್‌ಗಳ ಜೊತೆ ಒಂದು ಗೋಣಿಚೀಲದಲ್ಲಿ ಬಿದ್ದಿದ್ದವು. ಮೈತುಂಬಾ ಅದಿರಿನ ಕೆಂಪು ಧೂಳು. "ಇವು ನಡೀತಾವೋ ಇಲ್ಲೋ ನಂಗೊತ್ತಿಲ್ಲಣ್ಣ. ಮೈನ್ಸ್ ಸಾಮಾನು, ಹರಾಜಿನಾಗ ಕೆ.ಜಿ. ಲೆಕ್ಕಕ್ಕೆ ತಗಂಡಿದ್ದು" ಅಂದ ಅಂಗಡಿಯವನು. ಹರಾಜಿನ ಚೀಟಿ ಕೇಳಿದೆ, ತೋರಿಸಿದ. ಒಂದು ಬಿಲ್ಲನ್ನೂ ಬರೆಸಿಕೊಂಡು ಮನೆಗೆ ತಂದೆ.

ಸಂಡೂರಿನ ಕಡೆ ಗಣಿ ಭರಾಟೆಯಲ್ಲಿದ್ದ ದಿನಗಳಲ್ಲಿ ಇಂಥ ಸೆಟ್‌ಗಳಿಗೆ ಬಿಡುವೇ ಇರಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಆಗ ಮೂಲೆ ಸೇರಿದ ಸಾಮಾನು ಇವತ್ತಿಗೂ ಒಂದೊಂದಾಗಿ ಗುಜರಿಗೆ ಬರುತ್ತಿರುತ್ತದೆ. ಕೊಂಡವರೆಲ್ಲರ ಗೋಳೂ ಒಂದೇ. ಸೆಟ್ ಆನ್ ಆಗುತ್ತದೆ, ಚಾನೆಲ್ ಬದಲಿಸೋಣ ಅಂತ ಕೇಬಲ್ ಹಾಕಿದರೆ ಕಂಪ್ಯೂಟರ್ 'ರೇಡಿಯೊ ಉತ್ತರಿಸುತ್ತಿಲ್ಲ' ಅನ್ನುತ್ತದೆ. ತಕ್ಷಣ ಎಲ್ಲರೂ ಹೇಳುವ ಮಾತು: ಸೆಟ್ ಸತ್ತಿದೆ.

ಸತ್ತಿರುವುದಿಲ್ಲ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ತಪ್ಪು ಸೆಟ್‌ನ ಹೊರಗೇ ಇರುತ್ತದೆ. ಹಾಗಾಗಿ ಕಂಪ್ಯೂಟರ್ ಕಡೆಯಿಂದ ಹೊರಟು, ಒಂದೊಂದೇ ಕೊಂಡಿ ಪರೀಕ್ಷಿಸುತ್ತಾ, ಸೆಟ್‌ನ ಮೇಲೆ ಎಲ್ಲಕ್ಕಿಂತ ಕೊನೆಗೆ ಅನುಮಾನ ಪಡಬೇಕು. ಅದು ಹೇಗೆ ಅಂತ ಈ ಆರು ಸೆಟ್‌ಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಅದಕ್ಕೂ ಮುಂಚೆ ಕಾನೂನಿನ ಮಾತು ಮುಗಿಸಿಬಿಡೋಣ. ನಮ್ಮ ದೇಶದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ಲೈಸೆನ್ಸ್ ಇಲ್ಲದೆ ಇಂಥ ರೇಡಿಯೊ ಸೆಟ್ ಇಟ್ಟುಕೊಳ್ಳುವುದೇ ತಪ್ಪು. ಅದರಲ್ಲಿ ಮಾತಾಡುವುದು ಆಮೇಲಿನ ವಿಷಯ. ನನ್ನ ಹತ್ತಿರ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಇದೆ. ಅದರ ಪ್ರಕಾರ ಈ ಥರದ ಸೆಟ್‌ಗಳಲ್ಲಿ ನಾನು ಬಳಸಬಹುದಾದ ಜಾಗ 144ರಿಂದ 146 ಮೆಗಾಹರ್ಟ್ಸ್ ಮತ್ತು 434ರಿಂದ 438 ಮೆಗಾಹರ್ಟ್ಸ್. ಲೈಸೆನ್ಸ್ ಬೇಡದ 446.0ರಿಂದ 446.2ರ ಪಟ್ಟಿಯೂ ಒಂದಿದೆ. ಆದರೆ ಅದು ಅರ್ಧ ವ್ಯಾಟ್‌ನ, ಆಂಟೆನಾ ಬಿಚ್ಚಲು ಬಾರದ ಸಣ್ಣ ಸೆಟ್‌ಗಳಿಗೆ. ನಾಲ್ಕೈದು ವ್ಯಾಟ್ ಉಗುಳುವ ಗಣಿ ಸೆಟ್‌ನಲ್ಲಿ 446 ಅಂತ ಬರೆದ ಮಾತ್ರಕ್ಕೆ ಅದು ಕಾನೂನಿನ ಒಳಗೆ ಬರುವುದಿಲ್ಲ. ಸೆಟ್‌ನಲ್ಲಿ ಮೊದಲೇ ಇರುವ ಫ್ರೀಕ್ವೆನ್ಸಿಗಳೂ ನಿಮ್ಮವಲ್ಲ. ಅವನ್ನು ಸರ್ಕಾರ ಆ ಕಂಪನಿಗೆ ಕೊಟ್ಟಿತ್ತು, ಸೆಟ್ ಮಾರಿದ ಕೂಡಲೇ ಜೊತೆಗೆ ಬರುವುದಿಲ್ಲ. 2025ರಲ್ಲಿ ಆನ್‌ಲೈನ್ ಅಂಗಡಿಗಳ ವಾಕಿಟಾಕಿ ಮಾರಾಟದ ಮೇಲೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಬಿಗಿ ನಿಯಮ ತಂದಿದೆ. ಸುಮ್ನೆ ತಮಾಷೆಗೆ ಅಂತ ಶುರು ಮಾಡಬೇಡಿ.

ಈಗ ಪ್ರೋಗ್ರಾಮ್ ಮಾಡುವುದು ಅಂದರೆ ಏನು? ಸೆಟ್‌ನೊಳಗೆ ಒಂದು ಸಣ್ಣ ಮೆಮೊರಿ ಚಿಪ್ ಇದೆ. ಕರೆಂಟ್ ಹೋದರೂ ಅದರಲ್ಲಿ ಬರೆದದ್ದು ಅಳಿಯುವುದಿಲ್ಲ. ಒಂದನೇ ಚಾನೆಲ್ ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಕೇಳಬೇಕು, ಯಾವುದರಲ್ಲಿ ಮಾತಾಡಬೇಕು, ಎಷ್ಟು ಪವರ್, ಯಾವ ಟೋನ್ ಎಂಬುದೆಲ್ಲ ಅಲ್ಲಿರುತ್ತದೆ. ಕಂಪ್ಯೂಟರ್ ಅದನ್ನು ಓದಬೇಕಾದರೆ ಮೊದಲು ಬಾಗಿಲು ತಟ್ಟಬೇಕು. ಗೊತ್ತಾದ ಕೆಲವು ಬೈಟ್‌ಗಳನ್ನು ಕಳಿಸುತ್ತದೆ. ಸೆಟ್‌ಗೆ ಅದು ಕೇಳಿಸಿದರೆ 'ಹ್ಞೂಂ' ಅನ್ನುತ್ತದೆ. ಬಹಳಷ್ಟು ಸೆಟ್‌ಗಳಲ್ಲಿ ಈ 'ಹ್ಞೂಂ' ಅಂದರೆ 06 ಎಂಬ ಒಂದೇ ಒಂದು ಬೈಟ್. ಆಮೇಲೆ ತುಂಡು ತುಂಡಾಗಿ ಮೆಮೊರಿ ಈಚೆ ಬರುತ್ತದೆ. 'ರೇಡಿಯೊ ಉತ್ತರಿಸುತ್ತಿಲ್ಲ' ಅಂದರೆ ಆ ಮೊದಲ 'ಹ್ಞೂಂ' ಬರಲಿಲ್ಲ ಅಂತ ಅಷ್ಟೇ. ಬಾಗಿಲು ತಟ್ಟಿದ್ದು ಒಳಗೆ ಕೇಳಿಸದೆ ಇರಬಹುದು. ಒಳಗಿನವರು ಓಗೊಟ್ಟಿದ್ದು ನಮಗೆ ಕೇಳಿಸದೆಯೂ ಇರಬಹುದು. ಒಳಗೆ ಯಾರೂ ಇಲ್ಲ ಎಂಬುದು ಮೂರನೆಯ ಸಾಧ್ಯತೆ. ಜನ ಮಾತ್ರ ನೇರವಾಗಿ ಮೂರನೆಯದಕ್ಕೇ ಹೋಗುತ್ತಾರೆ.

ಮೊದಲ ಕಳ್ಳ ಕೇಬಲ್. ಅದರ ಯುಎಸ್‌ಬಿ ತಲೆಯೊಳಗೆ ಒಂದು ಚಿಪ್ ಕೂತಿರುತ್ತದೆ. ಯುಎಸ್‌ಬಿ ಭಾಷೆಯನ್ನು ಹಳೇ ಸೀರಿಯಲ್ ಪೋರ್ಟ್ ಭಾಷೆಗೆ ತಿರುಗಿಸುವ ದುಭಾಷಿ ಅದು. ಕಡಿಮೆ ಬೆಲೆಯ ಕೇಬಲ್‌ಗಳಲ್ಲಿ ಪ್ರೊಲಿಫಿಕ್ ಕಂಪನಿಯ ಪಿಎಲ್2303 ಚಿಪ್‌ನ ನಕಲು ಜಾಸ್ತಿ. ನಕಲಿಗಳ ಕಾಟಕ್ಕೆ ಬೇಸತ್ತ ಆ ಕಂಪನಿ, ತನ್ನ ಹೊಸ ಡ್ರೈವರ್‌ಗಳು (ಚಿಪ್ ಅನ್ನು ಕಂಪ್ಯೂಟರ್‌ಗೆ ಪರಿಚಯಿಸುವ ಪ್ರೋಗ್ರಾಮ್‌ಗಳು) ನಕಲಿಯನ್ನೂ ತೀರಾ ಹಳೆಯ ಚಿಪ್‌ಗಳನ್ನೂ ಮುಟ್ಟದಂತೆ ಮಾಡಿತು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ತ್ರಿಕೋನ, ಪಕ್ಕದಲ್ಲಿ 'ಕೋಡ್ 10'. ಹಳೇ ಡ್ರೈವರ್ ಹಾಕಿದರೆ ಅದೇ ಕೇಬಲ್ ಕೆಲಸ ಮಾಡುತ್ತದೆ. ಆದರೆ ವಿಂಡೋಸ್ ಅಪ್‌ಡೇಟ್ ಆದಾಗ ಹೊಸದು ಮತ್ತೆ ಬಂದು ಕೂರುತ್ತದೆ. ಎಫ್‌ಟಿಡಿಐ ಎಂಬ ಇನ್ನೊಂದು ಕಂಪನಿ 2014ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅದರ ಡ್ರೈವರ್ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ, ಕಂಪ್ಯೂಟರ್‌ಗೆ ಗುರುತೇ ಸಿಗದಂತೆ ಮಾಡಿತ್ತು. ಜನ ರೊಚ್ಚಿಗೆದ್ದ ಮೇಲೆ ವಾಪಸ್ ತೆಗೆದುಕೊಂಡರು. ಇಷ್ಟಾದರೂ ನಾನು ಕೊಳ್ಳುವುದು ಎಫ್‌ಟಿಡಿಐ ಅಸಲಿ ಚಿಪ್ ಇರುವ ಕೇಬಲನ್ನೇ. ನಾನೂರು ರೂಪಾಯಿ ಜಾಸ್ತಿ ಆದರೂ ನಾಲ್ಕು ರಾತ್ರಿ ನಿದ್ದೆ ಉಳಿಯುತ್ತದೆ.

ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ಈ ಡ್ರೈವರ್ ಕಾಟ ಇಲ್ಲ. ಆದರೆ ನಿಮ್ಮ ಹೆಸರು 'ಡಯಲ್‌ಔಟ್' ಗುಂಪಿನಲ್ಲಿ ಇಲ್ಲದಿದ್ದರೆ ಪೋರ್ಟ್ ಮುಟ್ಟಲು ಬಿಡುವುದಿಲ್ಲ. ಉಬುಂಟು 22.04ರಲ್ಲಿ ಇನ್ನೊಂದು ವಿಚಿತ್ರ ಇತ್ತು. ಅಂಧರ ಬ್ರೈಲ್ ಯಂತ್ರಕ್ಕಾಗಿ ಇಟ್ಟ ಒಂದು ಪ್ರೋಗ್ರಾಮ್, ಸಿಎಚ್340 ಚಿಪ್ ಇರುವ ಕೇಬಲನ್ನು ಬ್ರೈಲ್ ಯಂತ್ರ ಅಂದುಕೊಂಡು ಹಿಡಿದಿಟ್ಟುಕೊಳ್ಳುತ್ತಿತ್ತು! ಒಂದು ಇಡೀ ಭಾನುವಾರ ಅದಕ್ಕೇ ಹೋಯಿತು.

ಕೇಬಲ್ ಸರಿಯಿದೆಯೋ ಇಲ್ಲವೋ ಅಂತ ಸೆಟ್ ಇಲ್ಲದೆಯೇ ನೋಡಬಹುದು. ಪುಟ್ಟಿ ಎಂಬ ಬಿಟ್ಟಿ ಪ್ರೋಗ್ರಾಮ್ ಇದೆ. ಹೌದು, ಹೆಸರು ಹಾಗೇ ಕೇಳಿಸುತ್ತದೆ. ಅದರಲ್ಲಿ ಸೀರಿಯಲ್ ಆರಿಸಿ, ನಿಮ್ಮ ಪೋರ್ಟ್ ನಂಬರ್ ಹಾಕಿ, ವೇಗ 9600 ಇಡಿ. ಫ್ಲೋ ಕಂಟ್ರೋಲ್ ಬೇಡ ಅನ್ನಿ, ಲೋಕಲ್ ಎಕೋ ಆಫ್ ಮಾಡಿ. ಕೇಬಲ್‌ನ ಇನ್ನೊಂದು ತುದಿಯಲ್ಲಿ ಕಳಿಸುವ ತಂತಿ, ಕೇಳುವ ತಂತಿ ಎರಡನ್ನೂ ಒಂದು ಕ್ಲಿಪ್‌ನಿಂದ ಮುಟ್ಟಿಸಿ. ಯಾವ ತಂತಿ ಯಾವುದು ಎಂಬುದಕ್ಕೆ ನಿಮ್ಮ ಕೇಬಲ್‌ನ ನಕ್ಷೆ ನೋಡಿ, ಊಹೆ ಬೇಡ. ಈಗ ಕೀಲಿ ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಿದರೆ ಅದು ತುದಿವರೆಗೆ ಹೋಗಿ ವಾಪಸ್ ಬಂದಿದೆ ಅಂತ ಅರ್ಥ. ಕ್ಲಿಪ್ ತೆಗೆದರೆ ಅಕ್ಷರ ನಿಲ್ಲಬೇಕು. ಇಷ್ಟಾದರೆ ಕಂಪ್ಯೂಟರ್, ಡ್ರೈವರ್, ಚಿಪ್, ತಂತಿ ನಾಲ್ಕೂ ಅನುಮಾನದಿಂದ ಪಾರು. ಎರಡು ನಿಮಿಷದ ಕೆಲಸ. ನನಗೆ ಇದನ್ನು ಕಲಿಯಲು ಎರಡು ವರ್ಷ ಬೇಕಾಯಿತು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಐಕಾಮ್‌ನ ಹಲವು ಸೆಟ್‌ಗಳು, ಮೊಟೊರೋಲಾದ ಹಳೇ ಸೆಟ್‌ಗಳು ಕಳಿಸುವುದಕ್ಕೂ ಕೇಳುವುದಕ್ಕೂ ಒಂದೇ ತಂತಿ ಬಳಸುತ್ತವೆ. ಊರಿನ ಕಟ್ಟೆ ಇದ್ದ ಹಾಗೆ, ಒಬ್ಬರು ಮಾತಾಡಿದ್ದು ಎಲ್ಲರಿಗೂ ಕೇಳಿಸುತ್ತದೆ, ಮಾತಾಡಿದವರಿಗೂ. ಅಂಥ ಕೇಬಲ್‌ನಲ್ಲಿ ಕ್ಲಿಪ್ ಹಾಕದೆಯೇ ಅಕ್ಷರ ವಾಪಸ್ ಬರುತ್ತದೆ, ಗಾಬರಿಯಾಗಬೇಡಿ. ಆ ಸೆಟ್‌ಗಳ ಸಾಫ್ಟ್‌ವೇರ್ ತನ್ನದೇ ಮಾತು ಮೊದಲು ಕೇಳಿಸಲಿ ಅಂತ ಕಾಯುತ್ತದೆ, ಅದನ್ನು ಬದಿಗಿಟ್ಟು ಆಮೇಲೆ ಬರುವ ಉತ್ತರ ಓದುತ್ತದೆ. ಎರಡು ತಂತಿಯ ಕೇಬಲ್ ಹಾಕಿದರೆ ತನ್ನ ದನಿ ತನಗೆ ಕೇಳಿಸದೆ ಕೈಚೆಲ್ಲುತ್ತದೆ. ಪಿನ್ ಅದೇ ಅಳತೆ, ಹೋಗಿ ಕೂರುತ್ತದೆ ನಿಜ. ಕೂತ ಮಾತ್ರಕ್ಕೆ ಅದೇ ಕೇಬಲ್ ಅಲ್ಲ.

ವೋಲ್ಟೇಜಿನ ಗೊಂದಲವೂ ಇಲ್ಲೇ ಹುಟ್ಟುತ್ತದೆ. ಕಂಪ್ಯೂಟರ್‌ನ ಹಿಂದಿರುತ್ತಿದ್ದ ಹಳೇ ಒಂಬತ್ತು ಪಿನ್ನಿನ ಪೋರ್ಟ್ ಆರ್‌ಎಸ್-232 ಎಂಬ ಪದ್ಧತಿಯದು. ಅದು 'ಒಂದು' ಅನ್ನಲು ಮೈನಸ್ ವೋಲ್ಟೇಜ್ ಕೊಡುತ್ತದೆ, 'ಸೊನ್ನೆ' ಅನ್ನಲು ಪ್ಲಸ್. ಅದೂ 3ರಿಂದ 15 ವೋಲ್ಟ್‌ವರೆಗೆ. ಸೆಟ್‌ನೊಳಗಿನ ಚಿಪ್‌ಗೆ 'ಒಂದು' ಅಂದರೆ 3.3 ಅಥವಾ 5 ವೋಲ್ಟ್, 'ಸೊನ್ನೆ' ಅಂದರೆ ಏನೂ ಇಲ್ಲ. ಅಂದರೆ ಒಬ್ಬರು ಹೌದು ಅನ್ನಲು ತಲೆ ಮೇಲೆ ಕೆಳಗೆ ಆಡಿಸಿದರೆ ಇನ್ನೊಬ್ಬರು ಅದಕ್ಕೇ ಅಡ್ಡಡ್ಡ ಆಡಿಸುತ್ತಾರೆ, ಅದೂ ಕಿರುಚುತ್ತಾ. ನಡುವೆ ಮ್ಯಾಕ್ಸ್232 ಥರದ ಒಂದು ಚಿಪ್ ಇರಲೇಬೇಕು. ಮೊಟೊರೋಲಾದವರು ಅದಕ್ಕಾಗಿಯೇ ಒಂದು ಡಬ್ಬಿ ಮಾಡಿದ್ದರು, ಅದನ್ನು ರಿಬ್ ಬಾಕ್ಸ್ ಅನ್ನುತ್ತಾರೆ. ನಿಮ್ಮ ಕೇಬಲ್ ಯಾವ ಜಾತಿಯದು ಅಂತ ಮಲ್ಟಿಮೀಟರ್ ಹೇಳುತ್ತದೆ. ಏನೂ ಕಳಿಸದೆ ಸುಮ್ಮನಿದ್ದಾಗ ಕಳಿಸುವ ತಂತಿಯ ಮೇಲೆ ಸಾಮಾನ್ಯವಾಗಿ 3ರಿಂದ 5 ವೋಲ್ಟ್ ಪ್ಲಸ್ ಇದ್ದರೆ ಸೆಟ್‌ಗೆ ನೇರ ಕೊಡಬಹುದಾದ್ದು. ಮೈನಸ್ ತೋರಿಸಿದರೆ ನೇರವಾಗಿ ಸೆಟ್‌ಗೆ ಚುಚ್ಚಬೇಡಿ.

ಕೇಬಲ್ ಪಾಸಾದ ಮೇಲೆ ಪೋರ್ಟ್ ನಂಬರ್ ನೋಡಿ. ಹಳೇ ಸಾಫ್ಟ್‌ವೇರ್‌ಗೆ ಕಾಮ್ 1ರಿಂದ 4ರವರೆಗೆ ಮಾತ್ರ ಎಣಿಸಲು ಬರುತ್ತದೆ. ವಿಂಡೋಸ್ ನಿಮ್ಮ ಕೇಬಲ್‌ಗೆ ಕಾಮ್ 11 ಕೊಟ್ಟಿದ್ದರೆ ಡಿವೈಸ್ ಮ್ಯಾನೇಜರ್‌ನ ಅಡ್ವಾನ್ಸ್ಡ್ ಗುಂಡಿಯೊಳಗೆ ಹೋಗಿ ಬದಲಾಯಿಸಿ. ಎಫ್‌ಟಿಡಿಐ ಕೇಬಲ್ ಆದರೆ ಅಲ್ಲೇ 'ಲೇಟೆನ್ಸಿ ಟೈಮರ್' ಅಂತ ಇರುತ್ತದೆ, ಬಂದ ಉತ್ತರವನ್ನು ಕೇಬಲ್ ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳಬಹುದು ಅಂತ. ಅದು 16 ಮಿಲಿಸೆಕೆಂಡ್ ಇರುತ್ತದೆ, 1ಕ್ಕೆ ಇಳಿಸಿ. ಬೇಗ ಉತ್ತರ ಬರಲಿ ಅಂತ ಕಾಯುವ ಸಾಫ್ಟ್‌ವೇರ್‌ಗಳು ಇಷ್ಟಕ್ಕೇ ಸರಿಹೋಗಿದ್ದುಂಟು.

ನನ್ನ ಆರರಲ್ಲಿ ಎರಡು ಸೆಟ್ 1990ರ ದಶಕದವು. ಅವುಗಳ ಸಾಫ್ಟ್‌ವೇರ್ ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ್ದು. ಇಲ್ಲಿ ತೊಂದರೆಯೇ ಬೇರೆ. ಅಂದಿನ ಪ್ರೋಗ್ರಾಮ್‌ಗಳು 'ಸ್ವಲ್ಪ ಹೊತ್ತು ಕಾಯಿ' ಅನ್ನಲು ಗಡಿಯಾರ ನೋಡುತ್ತಿರಲಿಲ್ಲ. ಒಂದರಿಂದ ಇಷ್ಟು ಸಾವಿರದವರೆಗೆ ಎಣಿಸು ಅನ್ನುತ್ತಿದ್ದವು. ಅಂದಿನ 386, 486 ಯಂತ್ರಕ್ಕೆ ಅಷ್ಟು ಎಣಿಸಲು ಬೇಕಾದಷ್ಟು ಹೊತ್ತು ಹಿಡಿಯುತ್ತಿತ್ತು. ಇವತ್ತಿನ ಲ್ಯಾಪ್‌ಟಾಪ್ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎಣಿಸಿ ಮುಗಿಸಿ, ಸೆಟ್ ಬಾಯಿ ತೆರೆಯುವ ಮುಂಚೆಯೇ 'ಉತ್ತರ ಇಲ್ಲ' ಅಂತ ತೀರ್ಪು ಕೊಡುತ್ತದೆ. ಓದುವಾಗ ಹೀಗಾದರೆ ಪರವಾಗಿಲ್ಲ. ಬರೆಯುವಾಗ ಆದರೆ ಅರ್ಧ ಬರೆದು ನಿಲ್ಲುತ್ತದೆ, ಆ ಸೆಟ್ ನಿಜವಾಗಿಯೂ ಸಾಯುತ್ತದೆ. ಮೊಟೊರೋಲಾ ಜಿಪಿ-300 ಕಾಲದ ಸೆಟ್‌ಗಳನ್ನು ವೇಗದ ಕಂಪ್ಯೂಟರ್‌ನಿಂದ ಬರೆಯಬೇಡಿ ಅಂತ ಹಳಬರು ಹೇಳುವುದು ಇದಕ್ಕೇ. ವೇಗ ತಗ್ಗಿಸುವ ಪ್ರೋಗ್ರಾಮ್‌ಗಳು ಇವೆ, ನನಗೆ ನಂಬಿಕೆ ಇಲ್ಲ. ಅಸಲಿ ಸೀರಿಯಲ್ ಪೋರ್ಟ್ ಇರುವ ಹಳೇ ಯಂತ್ರವೇ ಸರಿ. ಬಳ್ಳಾರಿಯಲ್ಲಿ ಅದಕ್ಕೆ ಬರ ಇಲ್ಲ. ಒಂದು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಎಂಬ್ರಾಯ್ಡರಿ ಡಿಸೈನ್‌ಗೆ ಅಂತ ಇಟ್ಟಿದ್ದ ಫ್ಲಾಪಿ ಕಾಲದ ಕಂಪ್ಯೂಟರ್ ಮೂಲೆಯಲ್ಲಿತ್ತು. ಒಂದು ವಾರಕ್ಕೆ ಎರವಲು ತಂದೆ. ಎರಡೂ ಸೆಟ್ ಮೊದಲ ಯತ್ನದಲ್ಲೇ ಬಾಯಿ ಬಿಟ್ಟವು.

ಮೂರನೇ ಸೆಟ್ ಯಾವ ಕೇಬಲ್‌ಗೂ ಜಗ್ಗಲಿಲ್ಲ. ಈಗ ಅನುಮಾನ ಸೆಟ್‌ನ ಹೊಸ್ತಿಲಿಗೆ ಬಂತು, ಅಂದರೆ ಜಾಕ್‌ಗೆ. ಟಾರ್ಚ್ ಬಿಟ್ಟು ನೋಡಿದರೆ ತೂತಿನೊಳಗೆ ಅದಿರಿನ ಧೂಳು ಬೆವರಿಗೆ ನೆನೆದು, ಒಣಗಿ, ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಹಲ್ಲುಕಡ್ಡಿಯಿಂದ ಬಿಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯನ್ನು ಸುತ್ತಿ ತಿರುಗಿಸಿದೆ. ಕೆಂಪು ನೀರು ಇಳಿಯಿತು. ನಾಲ್ಕನೇ ಸಲ ಬಟ್ಟೆ ಬಿಳಿ ಬಂದ ಮೇಲೆ ಸೆಟ್ ಮಾತಾಡಿತು. ಜಾಕ್ ಶುಚಿಯಿದ್ದರೂ ಪಿನ್ ಪೂರ್ತಿ ಒಳಗೆ ಹೋಗದೆ ಇರುವುದು ಇನ್ನೊಂದು ಮಾಮೂಲಿ ರೋಗ. ಎರಡು ಪಿನ್ನಿನ ಕೆನ್‌ವುಡ್ ಮಾದರಿಯ ಕೇಬಲ್‌ಗಳಲ್ಲಿ ಪ್ಲಾಸ್ಟಿಕ್ ಅಂಚು ಸೆಟ್‌ನ ಮೈಗೆ ತಾಗಿ ಒಂದು ಮಿಲಿಮೀಟರ್ ಹೊರಗೇ ಉಳಿಯುತ್ತದೆ. ಬಾಫೆಂಗ್ ಸೆಟ್ ಇಟ್ಟುಕೊಂಡವರಿಗೆಲ್ಲ ಇದು ಗೊತ್ತು. 'ಟಕ್' ಅನ್ನುವವರೆಗೆ ಒತ್ತಿ. ಆಗದಿದ್ದರೆ ಬ್ಲೇಡಿನಿಂದ ಆ ಅಂಚನ್ನು ಸ್ವಲ್ಪ ಕೆತ್ತಿ.

ನಾಲ್ಕನೆಯದು ಅರ್ಧ ಓದಿ ನಿಲ್ಲುತ್ತಿತ್ತು. ಬ್ಯಾಟರಿ. ಮೀಟರ್ ಇಟ್ಟರೆ 7.2 ವೋಲ್ಟ್ ಚೆನ್ನಾಗೇ ತೋರಿಸುತ್ತದೆ, ಸೆಟ್ ಆನ್ ಮಾಡಿದರೆ ಕುಸಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ವರ್ಷಗಟ್ಟಲೆ ಬೆಂದ ಬ್ಯಾಟರಿಯಿಂದ ಇನ್ನೇನು ಬಯಸುವುದು? ಪ್ರೋಗ್ರಾಮ್ ಮಾಡುವಾಗ ಚೆನ್ನಾಗಿರುವ ಒಂದೇ ಬ್ಯಾಟರಿ ಇಟ್ಟುಕೊಂಡು ಎಲ್ಲಾ ಸೆಟ್‌ಗೂ ಅದನ್ನೇ ಬದಲಿಸಿ ಹಾಕಿ.

ಇನ್ನು ನನ್ನದೇ ತಪ್ಪು. ಐದನೇ ಸೆಟ್ ನಾಲ್ಕನೆಯದರ ಅವಳಿ, ಒಂದೇ ಮಾಡೆಲ್. ಅದನ್ನು ಓದುವ ಗೋಜಿಗೆ ಹೋಗದೆ ನಾಲ್ಕನೆಯದರ ಪೂರ್ತಿ ಮೆಮೊರಿಯನ್ನೇ ಅದಕ್ಕೆ ಸುರಿದೆ. ಸೆಟ್ ಆನ್ ಆಯಿತು, ಚಾನೆಲ್ ಎಲ್ಲಾ ಇದ್ದವು. ಆದರೆ ದನಿ ಒಡೆದು ಬರುತ್ತಿತ್ತು, ಪವರ್ ಕಾಲು ಭಾಗಕ್ಕೆ ಇಳಿದಿತ್ತು. ಕಾರಣ ಇಷ್ಟು. ಆ ಮೆಮೊರಿಯಲ್ಲಿ ಚಾನೆಲ್‌ಗಳ ಜೊತೆಗೆ ಹೊಂದಾಣಿಕೆಯ ಅಂಕಿಗಳೂ ಇರುತ್ತವೆ. ಕಾರ್ಖಾನೆಯಲ್ಲಿ ಒಂದೊಂದೇ ಸೆಟ್ ಅಳೆದು, ಇದಕ್ಕೆ ಇಷ್ಟು ಪವರ್, ಇದಕ್ಕೆ ಇಷ್ಟು ಮಾಡ್ಯುಲೇಶನ್ ಅಂತ ಬರೆದಿರುತ್ತಾರೆ. ಒಬ್ಬರ ಕನ್ನಡಕ ಇನ್ನೊಬ್ಬರು ಹಾಕಿಕೊಂಡರೆ ಏನಾಗುತ್ತದೋ ಅದೇ ಆಯಿತು. ಕೆಲವು ಸಾಫ್ಟ್‌ವೇರ್‌ಗಳು ಚಾನೆಲ್ ಭಾಗವನ್ನು ಮಾತ್ರ ನಕಲು ಮಾಡುತ್ತವೆ, ಕೆಲವು ಎಲ್ಲವನ್ನೂ ಒರೆಸಿ ಬರೆಯುತ್ತವೆ. ಯಾವುದು ಹೇಗೆ ಅಂತ ಗೊತ್ತಾಗುವವರೆಗೆ ಪ್ರತಿ ಸೆಟ್ ಅನ್ನೂ ಮೊದಲು ಓದಿ, ಅದರ ಸೀರಿಯಲ್ ನಂಬರ್ ಹೆಸರಿನಲ್ಲೇ ಫೈಲ್ ಉಳಿಸಿ, ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿ. ಆಮೇಲೆ ಕೈ ಹಾಕಿ. ನಾನು ಆ ಐದನೇ ಸೆಟ್ ಅನ್ನು ಇನ್ನೊಬ್ಬ ಹ್ಯಾಮ್ ಗೆಳೆಯನ ಅಳತೆ ಯಂತ್ರದ ಮುಂದೆ ಇಡೀ ಮಧ್ಯಾಹ್ನ ಕೂತು ಅಳೆದು ಸರಿಮಾಡಬೇಕಾಯಿತು.

ಬರೆದ ಮೇಲೂ ಸೆಟ್ ಸುಮ್ಮನಿದ್ದರೆ ಅದು ಕೇಬಲ್‌ನ ವಿಷಯ ಅಲ್ಲ, ನಾವು ತುಂಬಿದ ಅಂಕಿಗಳ ವಿಷಯ. ಬ್ಯಾಟರಿ ತೆಗೆದು ಹಿಂದಿನ ಚೀಟಿ ಓದಿ. ಯುಎಚ್‌ಎಫ್, ಅಂದರೆ 300 ಮೆಗಾಹರ್ಟ್ಸ್‌ಗಿಂತ ಮೇಲಿನ ಸೆಟ್, ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. 403ರಿಂದ 470ರವರೆಗಿನ ಸೆಟ್ ನಮ್ಮ 434ಕ್ಕೆ ಬರುತ್ತದೆ. 450ರಿಂದ 520ರದ್ದು ಬರುವುದಿಲ್ಲ. ಸಾಫ್ಟ್‌ವೇರ್‌ಗೆ ಯಾಮಾರಿಸಿ 434 ತುಂಬಿದರೂ ಒಳಗೆ ಫ್ರೀಕ್ವೆನ್ಸಿ ಹುಟ್ಟಿಸುವ ಆಸಿಲೇಟರ್ ಅಷ್ಟು ಕೆಳಗೆ ಇಳಿಯಲಾರದು. ಲಾಕ್ ಸಿಗದೆ ಸೆಟ್ ಎಡೆಬಿಡದೆ ಬೀಪ್ ಅನ್ನುತ್ತದೆ. ಒಂದು ಸೆಟ್‌ನ ದನಿ ಇನ್ನೊಂದಕ್ಕೆ ಹೋಗಿಯೂ ಕೇಳಿಸದಿದ್ದರೆ ಟೋನ್ ನೋಡಿ. ಮಾತಿನ ಕೆಳಗೆ 88.5 ಹರ್ಟ್ಸ್‌ನಂಥ ಒಂದು ಸಣ್ಣ ಗುಂಯ್‌ಗುಟ್ಟುವಿಕೆ ಹೋಗುತ್ತಿರುತ್ತದೆ. ಕೇಳುವ ಸೆಟ್‌ಗೆ ಅದೇ ಟೋನ್ ಸಿಕ್ಕರೆ ಮಾತ್ರ ಸ್ಪೀಕರ್ ತೆರೆಯುತ್ತದೆ. ಒಂದರಲ್ಲಿ 88.5, ಇನ್ನೊಂದರಲ್ಲಿ 100 ಇದ್ದರೆ ಹಸಿರು ದೀಪ ಹತ್ತುತ್ತದೆ, ಸದ್ದಿಲ್ಲ. ದನಿ ಬಂದರೂ ತೀರಾ ಸಣ್ಣಗಿದ್ದರೆ ಚಾನೆಲ್‌ನ ಅಗಲ ಒಂದರಲ್ಲಿ 12.5 ಕಿಲೊಹರ್ಟ್ಸ್, ಇನ್ನೊಂದರಲ್ಲಿ 25 ಇದೆ ಅಂತ ಅರ್ಥ.

ಆರನೇ ಸೆಟ್ ಉಳಿಯಿತು. ಕೇಬಲ್ ಸರಿ, ಜಾಕ್ ಶುಚಿ, ಬ್ಯಾಟರಿ ಗಟ್ಟಿ. ಬಾಗಿಲು ತಟ್ಟಿದರೆ ಚೆನ್ನಾಗೇ ಓಗೊಟ್ಟಿತು. ಆಮೇಲೆ ಪಾಸ್‌ವರ್ಡ್ ಕೇಳಿತು. ಕಂಪನಿಯವರು ಯಾರೂ ಓದದಂತೆ ಬೀಗ ಹಾಕಿಟ್ಟಿದ್ದರು. ಅದನ್ನು ಒಡೆಯುವ ದಾರಿಗಳು ಇರಬಹುದು, ನಾನು ಆ ಕೆಲಸಕ್ಕೆ ಹೋಗುವುದಿಲ್ಲ. ಬೀಗ ಹಾಕಿದ ಕಂಪನಿಯೇ ಈಗ ಇಲ್ಲ, ಕೇಳೋಣ ಅಂದರೆ ಫೋನ್ ಎತ್ತುವವರಿಲ್ಲ. ಅದರ ಆಂಟೆನಾ, ನಾಬ್, ಬೆಲ್ಟ್ ಕ್ಲಿಪ್ ತೆಗೆದು ಉಳಿದವಕ್ಕೆ ಹಾಕಿದೆ. ಬ್ಯಾಟರಿ ತೆಗೆದಾಗ ಒಳಗೆ ಬಿಳಿ ಟೇಪಿನ ಮೇಲೆ ಯಾರೋ ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಕಂಡಿತು: 'ವೇಬ್ರಿಜ್ 2, ನೈಟ್'. ಆ ಟೇಪನ್ನು ಮಾತ್ರ ಕೀಳಲಿಲ್ಲ.